ಸಾಹುಕಾರರ ಅಸ್ಸಲ್ ಹೆಬ್ಬಾವು

ಪಶು ದವಾಖಾನೆ ಇಟ್ಟುಕೊಂಡವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಹಗ್ಗ ಹಿಡಿದುಕೊಂಡು ಬಾಗಿಲಿಗೆ ಬರುತ್ತವೆ. ನಾನು ವಳಸಂಗದವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಸೋಲಾಪುರಕ್ಕೆ ಬಂದು ನನ್ನ ಪುಟ್ಟ ದವಾಖಾನೆ ತೆರೆಯುತ್ತೇನೆ. ಎಲ್ಲರೂ ನನ್ನನ್ನು ಡಾಕ್ಟರಬಾಯಿ ಎನ್ನುತ್ತಾರೆ. ಬರುವ ಪ್ರಾಣಿಗಳಿಗೆ ಒಂದೊಂದಕ್ಕೆ ಒಂದೊಂದು ರೋಗ. ಕರೆತರುವ ಮನುಷ್ಯರಿಗೆ ಮಾತ್ರ ಎಲ್ಲರಿಗೂ ಒಂದೇ ರೋಗ. ನಾಯಿಯ ಕಾಲು ಮುರಿದು ಜೋತಾಡುತ್ತಿದ್ದರೂ ಯಜಮಾನನ ಮೊದಲ ಪ್ರಶ್ನೆ, "ಡಾಕ್ಟರಬಾಯಿ, ಇದು ಪ್ಯೂರ್ ಅದೋ ಮಿಕ್ಸ್ ಅದೋ?" ಪ್ಯೂರ್ ಅಂದುಬಿಟ್ಟರೆ ಅವನ ಅರ್ಧ ನೋವು ಅಲ್ಲೇ ಇಳಿಯುತ್ತದೆ. ನಾಯಿಯದು ಇಳಿಯುವುದಿಲ್ಲ.

ಈಗೀಗ ಈ ರೋಗ ಹಾವಿನವರೆಗೂ ಬಂದಿದೆ. ನಮ್ಮ ಹೊಲದಲ್ಲಿ ಸಿಗುವ ಹೆಬ್ಬಾವನ್ನು ಮನೆಯೊಳಗೆ ಇಟ್ಟರೆ ಅರಣ್ಯ ಇಲಾಖೆಯವರು ಇಟ್ಟವನನ್ನೇ ಒಳಗೆ ಇಡುತ್ತಾರೆ. ಹಾಗಾಗಿ ದುಡ್ಡಿದ್ದವರು ಪರದೇಶದ ಹೆಬ್ಬಾವನ್ನು ನೋಂದಣಿ ಮಾಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಅದರಲ್ಲೂ ಆಸ್ಟ್ರೇಲಿಯಾ ಕಡೆಯ ಕಾರ್ಪೆಟ್ ಪೈಥಾನ್ ಎಂದರೆ ಬಹಳ ಹೌಸು, ಬಹಳ ಮೋಹ. ಮೈಮೇಲೆ ನೇಯ್ದ ಹಾಗೆ ಚಿತ್ತಾರ, ವಿಷವಿಲ್ಲ, ಒಂದು ಇಲಿ ತಿಂದರೆ ಎಷ್ಟೋ ದಿನ ಯಾರ ತಂಟೆಗೂ ಬರುವುದಿಲ್ಲ. ಈ ಹಾವಿನಲ್ಲೇ ಕಾಡಿನದು, ಕರಾವಳಿಯದು, ಡೈಮಂಡ್ ಎಂದು ಹಲವು ಬಗೆಗಳಿವೆ. ಬಗೆಗಳಿದ್ದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ?

ಹಿಂದ ಡಿಝೈನ್ ಇಲ್ಲ

ಪೇಟೆಯಲ್ಲಿ ಚಾದರದ ಅಂಗಡಿ ಇಟ್ಟಿರುವ ಸಾಹುಕಾರರು ಒಂದು ದಿನ ಮಗಳನ್ನು ಕರೆದುಕೊಂಡು ಬಂದರು. ಕಾಲೇಜಿಗೆ ಹೋಗುವ ಹುಡುಗಿ. ಕೊರಳಿಗೆ ಕಾರ್ಪೆಟ್ ಪೈಥಾನ್ ಒಂದು ಮಫ್ಲರಿನ ಹಾಗೆ ಸುತ್ತಿಕೊಂಡಿತ್ತು. ಹೆಸರು ಬಂಡ್ಯಾ. ಪುಣೆಯ ವ್ಯಾಪಾರಿಯೊಬ್ಬ "ಅಸ್ಸಲ್ ಕಾಡಿನ ತಳಿ, ಬೆಳೆದ ಮೇಲೆ ಅರಿಶಿನದಂಥ ಹಳದಿ ಆಗುತ್ತದೆ" ಎಂದು ಹೇಳಿ ಮರಿ ಕೊಟ್ಟಿದ್ದ. ಸಾಕಿದವಳು ಈ ಹುಡುಗಿಯೇ. ಬಂಡ್ಯಾ ಬೆಳೆಯಿತು. ಹಳದಿ ಮಾತ್ರ ಆಗಲಿಲ್ಲ. ಪಾಚಿ ಬಣ್ಣದ ಮೈ, ಅದರ ಮೇಲೆ ಮಾಸಲು ಹಳದಿಯ ಚುಕ್ಕಿಗಳು. ಸಾಹುಕಾರರ ಹೊಟ್ಟೆಯಲ್ಲಿ ಸಂಶಯ ಹೊಕ್ಕಿತು.

"ಡಾಕ್ಟರಬಾಯಿ, ಮಲಾ ಪ್ಯೂರಚ್ ಪಾಯಿಜೆ. ಮಿಕ್ಸ್ ಮಾಲು ನಮ್ಮ ಮನ್ಯಾಗ ನಡ್ಯಾಂಗಿಲ್ಲ. ಮಿಕ್ಸ್ ಅಂತ ಆತಂದ್ರ ವಾಪಸ್!"

ತಮಗೆ ಪ್ಯೂರೇ ಬೇಕು, ಬೆರಕೆ ಎಂದರೆ ಆಗುವುದಿಲ್ಲ ಎಂಬುದನ್ನು ಅವರು ಹೀಗೆ ಮೂರು ಭಾಷೆ ಬೆರೆಸಿ ಹೇಳಿದರು. ಹುಡುಗಿ ಹಾವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಬರೇ ನೋಡಿ ಹೇಳೂದು ಕಷ್ಟ ಅದರಿ ಸಾವಕಾರ್ರ," ಎಂದೆ. "ಬಣ್ಣ ನಂಬಾಂಗಿಲ್ಲ. ಒಂದೇ ತಾಯಿ ತತ್ತಿಯಿಂದ ಬಂದ ಮರಿಗೋಳೂ ಬ್ಯಾರೆ ಬ್ಯಾರೆ ಕಾಣ್ತಾವ. ಇದರ ಅವ್ವ ಅಪ್ಪ ಯಾವ ಕಡೆದವು ಅಂತ ಗೊತ್ತಾದ್ರ ಏನರ ಹೇಳಬಹುದು."

"ನೀವು ಬಿಡ್ರಿ. ಮಾಲು ಪರಖ್ ಮಾಡೂದು ನಮ್ಮ ಖಾನದಾನಿ ಧಂಧಾ," ಎಂದು ಸಾಹುಕಾರರು ಕಿಸೆಯಿಂದ ನೂಲು ಎಣಿಸುವ ಭೂತಗನ್ನಡಿ ತೆಗೆದರು. ಇಂಚಿಗೆ ಎಷ್ಟು ಎಳೆ ಎಂದು ಚಾದರ ನೋಡುವ ಹಾಗೆ ಬಂಡ್ಯಾನ ಬೆನ್ನಿನ ಹುರುಪೆ ಎಣಿಸಲು ಕುಳಿತರು. ಹಾವು ಉಸಿರೆಳೆದುಕೊಂಡಿತು, ಲೆಕ್ಕ ತಪ್ಪಿತು. "ಮಾಲು ಹಿಗ್ಗತದ," ಎಂದು ನನ್ನ ಮೇಲೆ ಸಿಟ್ಟಾದರು, ನಾನೇ ನೇಯ್ದು ಕೊಟ್ಟ ಹಾಗೆ. ಆಮೇಲೆ ಕರವಸ್ತ್ರ ಒದ್ದೆ ಮಾಡಿ ಮೈ ತಿಕ್ಕಿದರು. ಬಣ್ಣ ಬಿಡಲಿಲ್ಲ. ಮುಖ ಅರಳಿತು.

"ಉಲ್ಟಾ ಮಾಡು," ಎಂದು ಮಗಳಿಗೆ ಹೇಳಿದರು.

ಸೋಲಾಪುರದ ಒಳ್ಳೆಯ ಚಾದರಕ್ಕೆ ಎರಡೂ ಮಗ್ಗುಲಲ್ಲಿ ಚಿತ್ತಾರ ಬಂದಿರುತ್ತದೆ, ಅದು ನಿಜವಾದ ನೇಯ್ಗೆಯ ಗುರುತು. ಬಂಡ್ಯಾನ ಹೊಟ್ಟೆಯೋ, ಪಾಪ, ಬೆಳ್ಳಗಿತ್ತು. ಸಾಹುಕಾರರು ಹಣೆ ಹಣೆ ಬಡಿದುಕೊಂಡರು.

"ಸತ್ಯಾನಾಶ ಆತು! ಹಿಂದ ಡಿಝೈನೇ ಇಲ್ಲ. ಪ್ರಿಂಟ್ ಹೊಡದ ಮಾಲು ಕೊಟ್ಟಾನ್ರೀ ಆ ಪುಣೆದಾಂವ!"

ನಡಸ್ರಿ ನೋಡೋಣ

ಸಾಹುಕಾರರಿಗೆ ವಾಗದರಿಯ ಪಾಟೀಲರು ಹಳೆಯ ಗೆಳೆಯರು. ದೊಡ್ಡ ಜಮೀನು, ಮನೆಯ ಮುಂದೆ ಖಿಲಾರಿ ಎತ್ತುಗಳು. ಪೇಟೆಯ ಗೆಳೆಯ ಹಾವು ಸಾಕಿದ ಎಂದು ಗೊತ್ತಾದ ಕೂಡಲೇ ಪಾಟೀಲರೂ ಅದೇ ಪುಣೆಯವನಿಂದ ಒಂದು ತರಿಸಿದ್ದರು. ಅದು ಹೆಣ್ಣಂತೆ, ಹೆಸರು ರಾಣಿ. ಎರಡನ್ನೂ ಜೋಡಿ ಮಾಡಿ ಮರಿ ಪಡೆಯಬೇಕು ಎಂಬ ಮಾತು ನಡೆದಿತ್ತು. ಬಂಡ್ಯಾ ಅಸ್ಸಲ್ ಹೌದೋ ಅಲ್ಲವೋ ಎಂಬುದಕ್ಕೆ ಇದರಿಂದ ಇನ್ನಷ್ಟು ತೂಕ ಬಂತು. ಪಾಟೀಲರು ವರಪರೀಕ್ಷೆಗೆಂದು ನನ್ನ ದವಾಖಾನೆಗೇ ಬಂದರು.

"ಅದಕೇನು ಭಿಂಗ ಹಚ್ಚಿ ನೋಡ್ತೀರಿ?" ಎಂದು ಸಾಹುಕಾರರ ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದರು. "ಜಾತಿವಂತ ಅದೋ ಇಲ್ಲೋ, ನಾ ನಿಂತ ಜಾಗಾದಾಗ ಹೇಳ್ತೀನಿ. ಎಷ್ಟು ಎತ್ತ ನೋಡೀನಿ!"

ಎತ್ತನ್ನು ಹೇಗೆ ನೋಡುತ್ತಾರೋ ಹಾಗೇ ನೋಡಿದರು. ಮೊದಲು ಬೆನ್ನಿನ ಮೇಲೆ ಸುಳಿ ಹುಡುಕಿದರು. ಒಂದು ಕೂದಲೂ ಇಲ್ಲದ ಮೈಮೇಲೆ ಸುಳಿ ಸಿಗದಿದ್ದಾಗ "ಐಬು ಇಲ್ಲ" ಎಂದು ತಲೆದೂಗಿದರು. ಆಮೇಲೆ ಬಾಲ ಹಿಡಿದರು. "ಬಾಲ ಉದ್ದ ಅದ, ಛಲೋ. ಆದ್ರ ಎಲ್ಲಿಂದ ಚಾಲೂ ಆಗತದ, ತಿಳೀವಲ್ದು." ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಕೊಟ್ಟು ನಿಂತು, "ನಡಸ್ರಿ ನೋಡೋಣ," ಎಂದರು.

ಹುಡುಗಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಬಂಡ್ಯಾ ಮೇಜಿನ ಮೇಲೆ ಆ ತುದಿಯಿಂದ ಈ ತುದಿಗೆ ಸರಿಯಿತು.

"ನಡಗಿ ಒಂದ ಸ್ವಲ್ಪ ಸೊಟ್ಟ ಅದ," ಎಂದರು ಪಾಟೀಲರು.

ಉಳಿದದ್ದು ಹಲ್ಲು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಎತ್ತಿನ ದವಡೆ ಅಗಲಿಸುವ ಹಾಗೆ ಬಂಡ್ಯಾನ ಬಾಯಿ ಅಗಲಿಸಿದರು. ಹೆಬ್ಬಾವಿಗೆ ಹಲ್ಲುಗಳು ಸಾಲು ಸಾಲು, ಎಲ್ಲ ಒಳಕ್ಕೆ ಬಾಗಿರುತ್ತವೆ. ಪಾಟೀಲರು ದಂಗಾದರು. "ಅಯ್ಯಯ್ಯೋ ಸಾವಕಾರ್ರ! ಎತ್ತಿಗೆ ಎಂಟ ಹಲ್ಲ ಹಚ್ಚಿದ್ರ ವಯಸ್ಸಾತು ಅಂತೀವಿ. ಇದು ನಮ್ಮ ಮುತ್ಯಾನಕಿಂತ ಹಿರೇದು!"

ಬಂಡ್ಯಾ ಬಾಯಿ ಮುಚ್ಚಿತು. ಪಾಟೀಲರ ಹೆಬ್ಬೆರಳು ಒಳಗೇ ಇತ್ತು.

ಅವರು ಹಾಕಿದ ಕೂಗಿಗೆ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಹುಡುಗಿ ಮೆಲ್ಲಗೆ ಹಾವನ್ನು ಬಿಡಿಸಿದಳು. ವಿಷವಿಲ್ಲ, ಗೀರು ಗಾಯ, ಧನುರ್ವಾಯುವಿಗೆ ಒಂದು ಸೂಜಿ ಹಾಕಿಸಿಕೊಂಡರೆ ಸಾಕು ಎಂದು ನಾನು ಬೆರಳು ತೊಳೆದು ಪಟ್ಟಿ ಕಟ್ಟಿದೆ. ಬೆವರು ಒರೆಸಿಕೊಳ್ಳುತ್ತಾ ಪಾಟೀಲರು ತಗ್ಗಿದ ದನಿಯಲ್ಲಿ ಕೇಳಿದರು:

"ಡಾಕ್ಟರಬಾಯಿ, ಕಡದದ್ದು ಪ್ಯೂರ್ ಇದ್ರ ಒಂದು ಸೂಜಿ. ಮತ್ತ ಮಿಕ್ಸ್ ಇದ್ರ ಎರಡು ಹಾಕಬೇಕಲ್ರಿ?"

ರಾಣಿಗೆ ಉಡಿ ತುಂಬಿದ್ದು

ಇಷ್ಟಾದರೂ ಸಂಬಂಧ ಮುರಿಯಲಿಲ್ಲ. ಎರಡೂ ಕಡೆಯವರು ಅಕ್ಕಲಕೋಟದಲ್ಲಿ ಸಾಹುಕಾರರ ತಮ್ಮನ ಮನೆಯಲ್ಲಿ ಸೇರಿ ಮಾತು ಪಕ್ಕಾ ಮಾಡುವುದು ಎಂದಾಯಿತು. ಹಾವುಗಳ ಆರೋಗ್ಯ ನೋಡಲು ನನ್ನನ್ನೂ ಕರೆದಿದ್ದರು. ಹೋದರೆ ಅಂಗಳದಲ್ಲಿ ರಂಗೋಲಿ! ಪಾಟೀಲರ ಮನೆಯವರು ರಾಣಿಯ ಪೆಟ್ಟಿಗೆಗೆ ಹೂವಿನ ಮಾಲೆ ಹಾಕಿ ತಂದಿದ್ದರು. ಸಾಹುಕಾರರ ಹೆಂಡತಿ, ಎಷ್ಟಾದರೂ ಬರುವ ಸೊಸೆ ಎಂದು, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಖಣ ಇಟ್ಟು ಹಾವಿಗೆ ಉಡಿ ತುಂಬಿದರು. ಕುಂಕುಮ ಎಲ್ಲಿ ಹಚ್ಚಬೇಕು ಎಂದು ಸ್ವಲ್ಪ ಚರ್ಚೆಯಾಗಿ ಕೊನೆಗೆ ಪೆಟ್ಟಿಗೆಗೆ ಹಚ್ಚಿದರು. ರಾಣಿ ಆ ಖಣದ ಕೆಳಗೆ ಹೊಕ್ಕು ಹೊರಗೇ ಬರಲಿಲ್ಲ.

"ನಮ್ಮಕಿಗೆ ನಾಚಿಕಿ ಭಾಳ," ಎಂದರು ಪಾಟೀಲರ ಹೆಂಡತಿ.

ಅಷ್ಟರಲ್ಲಿ ಸಾಹುಕಾರರಿಗೆ ಪುಣೆಯ ವ್ಯಾಪಾರಿಯ ಫೋನು ಬಂತು. ಬಂಡ್ಯಾನ ಹಿರಿಯರ ವಿಚಾರ ಕೇಳಲು ಅವನ ಬೆನ್ನು ಹತ್ತಿದ್ದರು. ಅವನು ಹೇಳಿದ್ದು ಎಲ್ಲರ ಕಿವಿಗೂ ಬಿತ್ತು. ಬಂಡ್ಯಾ ಕಾಡಿನ ತಳಿಯಲ್ಲ. ಅದರ ಹಿರಿಯರು ಕರಾವಳಿಯ ಹಾವು ಮತ್ತು ಡೈಮಂಡ್ ಹಾವುಗಳ ಸೀಮೆ ಒಂದಕ್ಕೊಂದು ತಾಗುವ ಜಾಗದವು. ಅಲ್ಲಿ ಎರಡೂ ಬಗೆ ತಾವಾಗಿ ಕೂಡುತ್ತವೆ, ತಲೆತಲಾಂತರದಿಂದ ಅಂಥವೇ ಹುಟ್ಟುತ್ತಿವೆ.

ನಾನು ಕೂಡಲೇ ಬಾಯಿ ಹಾಕಿದೆ. "ಇದು ಯಾರೋ ಪೆಟ್ಟಿಗ್ಯಾಗ ಕೂಡಿಸಿ ಮಾಡಿದ ಬೆರಕಿ ಅಲ್ಲರಿ. ಎರಡು ಸೀಮಿ ಕೂಡೋ ಕಡೆ ಹಿಂಗs ಇರ್ತಾವ. ಹುಟ್ಟಾ ಹಂಗs. ಇದರಾಗ ಐಬು ಏನೂ ಇಲ್ಲ."

"ಗಡಿ ಮ್ಯಾಲಿನ ಮಾಲು ಅನ್ರಿ!" ಎಂದು ಪಾಟೀಲರು ಎದ್ದು ನಿಂತರು. "ಅತ್ತಾಗೂ ಅಲ್ಲ, ಇತ್ತಾಗೂ ಅಲ್ಲ. ಇಂಥಾದ್ದಕ್ಕ ನಮ್ಮ ಮನಿ ಹೆಣ್ಣ ಕೊಡಂಗಿಲ್ಲ!"

ಇದನ್ನು ಅವರು ಹೇಳಿದ್ದು ಕರ್ನಾಟಕದ ಗಡಿ ಇಲ್ಲೇ ಮಗ್ಗುಲಲ್ಲಿರುವ ಅಕ್ಕಲಕೋಟದಲ್ಲಿ, ಮಹಾರಾಷ್ಟ್ರದ ನೆಲದ ಮೇಲೆ ನಿಂತು, ಕನ್ನಡದಲ್ಲಿ, ಸಾಹುಕಾರರ ತಮ್ಮನ ಮನೆಗೆ ಮರಾಠಿ ಮನೆತನದಿಂದ ಬಂದ ಸೊಸೆ ಬಡಿಸಿದ ಶೇಂಗಾ ಹೋಳಿಗೆ ಕೈಯಲ್ಲಿ ಹಿಡಿದುಕೊಂಡು. ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಾಹುಕಾರರ ಮುಖ ಕಪ್ಪಿಟ್ಟಿತು. "ವಾಪಸ್ ಕೊಡ್ತೀನಿ. ಬರೋ ವಾರ ಪುಣೆಗೆ ಗಾಡಿ ಹೋಗತದ, ಅದರಾಗ ಕಳಸ್ತೀನಿ," ಎಂದರು. ಹುಡುಗಿ ಎದ್ದು ಒಳಗೆ ಹೋದಳು. ಅಳುತ್ತಿದ್ದಳು.

ಅದನ್ನು ನೋಡಿ ನನಗೆ ನಿಜಕ್ಕೂ ರೇಗಿತು. ಬಂದ ಕೆಲಸ ಮುಗಿಸಿ ಹೋಗೋಣ ಎಂದು ಖಣದ ಕೆಳಗಿನಿಂದ ರಾಣಿಯನ್ನು ತೆಗೆದು ಪರೀಕ್ಷೆ ಮಾಡಿದೆ. ಬಾಲದ ಬುಡ ನೋಡಿದೆ. ಸಂಶಯ ಬಂದು ಪರೀಕ್ಷೆಯ ಸಣ್ಣ ಸಲಾಕಿ ಹಾಕಿ ಮತ್ತೊಮ್ಮೆ ನೋಡಿದೆ.

"ಪಾಟೀಲ್ರ, ನಿಮ್ಮ ರಾಣಿ ಗಂಡು ಅದ."

ಇಷ್ಟು ದಿನ ಎಲ್ಲರೂ ತಳಿ ಕೇಳಿದರು, ಹಿರಿಯರ ಊರು ಕೇಳಿದರು, ಸುಳಿ ನೋಡಿದರು, ಹಲ್ಲು ನೋಡಿದರು. ಗಂಡೋ ಹೆಣ್ಣೋ ಎಂದು ಒಬ್ಬರೂ ಕೇಳಿರಲಿಲ್ಲ. ಸಾಹುಕಾರರ ಹೆಂಡತಿ ತುಂಬಿದ ಉಡಿಯ ಕಡೆ ನೋಡಿದರು. ಪಾಟೀಲರು ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟು ಕೇಳಿದರು:

"ಅದು ಇರಲಿ. ಪ್ಯೂರ್ ಗಂಡ ಹೌದಿಲ್ಲರಿ?"

ಬೆಂಕಿಪೆಟ್ಟಿಗೆ

ಪುಣೆಗೆ ಗಾಡಿ ಹೋಗುವ ದಿನ ಹುಡುಗಿ ನನಗೆ ಫೋನು ಮಾಡಿ, "ಮೇಡಂ, ಒಂದ ಸಲ ಅಂಗಡಿಗಿ ಬರ್ರಿ. ನೀವರ ಪಪ್ಪಾಗ ಹೇಳ್ರಿ," ಎಂದಳು. ಹೋದೆ. ಗಲ್ಲೆಯ ಮುಂದೆ ಗಾಳಿಗೆ ತೂತು ಕೊರೆದ ಡಬ್ಬಿಯಲ್ಲಿ ಬಂಡ್ಯಾ ಪ್ರಯಾಣಕ್ಕೆ ಸಿದ್ಧವಾಗಿತ್ತು. ಹುಡುಗಿ ಅದರ ಪಕ್ಕದಲ್ಲಿ ಕುಳಿತಿದ್ದಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಸಾಹುಕಾರರು ಜಗ್ಗಲಿಲ್ಲ.

"ಮನಿತನದ ಇಜ್ಜತ್ ಪ್ರಶ್ನೆ ಅದರಿ. ನಾ ಜನ್ಮದಾಗ ಮಿಕ್ಸ್ ಮಾಲು ಮುಟ್ಟಿಲ್ಲ."

ಆಗ ಕುರನೂರಿನ ಕಡೆಯ ಗಂಡಹೆಂಡತಿ ಮದುವೆಯ ಆಯೇರಿನ ಉಡುಗೊರೆಗೆ ಚಾದರ ಕೊಳ್ಳಲು ಬಂದರು. ಸಾಹುಕಾರರು ಒಂದು ರಾಶಿ ಹರವಿದರು. ಹೆಂಗಸು ಒಂದನ್ನು ಎತ್ತಿ ಕೈಯಲ್ಲಿ ಉಜ್ಜಿ ನೋಡಿ ಕೇಳಿದಳು, "ಅಣ್ಣಾರ, ಇದು ಪೂರಾ ಹತ್ತೀದು ಹೌದಲ್ರಿ?"

"ಅಸ್ಸಲ್! ಒಂದ ಎಳಿ ಮಿಕ್ಸ್ ಸಿಕ್ರ ಅಂಗಡಿ ಬಂದ್ ಮಾಡ್ತೀನಿ."

ಹುಡುಗಿ ಎದ್ದಳು. ಒಂದು ಮಾತನ್ನೂ ಆಡದೆ ಆ ಚಾದರದ ಅಂಚಿನಿಂದ ಒಂದು ಎಳೆ ಕಿತ್ತಳು. ಊದಿನಕಡ್ಡಿಗೆಂದು ಗಲ್ಲೆಯ ಮೇಲೆ ಇಟ್ಟಿದ್ದ ಬೆಂಕಿಪೆಟ್ಟಿಗೆ ಕೈಗೆ ತೆಗೆದುಕೊಂಡಳು. ನೂಲಿನ ಧಂಧೆಯ ಮನೆಯಲ್ಲಿ ಹುಟ್ಟಿದವರಿಗೆ ಇದು ಗೊತ್ತು. ಹತ್ತಿಯ ಎಳೆ ಸುಟ್ಟರೆ ಬೂದಿಯಾಗುತ್ತದೆ, ಪಾಲಿಸ್ಟರ್ ಸೇರಿದ್ದರೆ ಕರಗಿ ಗಂಟು ಕಟ್ಟುತ್ತದೆ.

"ಪಪ್ಪಾ," ಎಂದಳು ತಣ್ಣಗೆ, "ಹಚ್ಚಲೇನು?"

ಕುರನೂರಿನ ಹೆಂಗಸು ಎಳೆಯ ಕಡೆ ನೋಡಿದಳು, ಕಡ್ಡಿಯ ಕಡೆ ನೋಡಿದಳು, ಸಾಹುಕಾರರ ಕಡೆ ನೋಡಿದಳು. ಇನ್ನು ಅಂಗಡಿ ಬಂದ್ ಎಂದುಕೊಂಡೆ ನಾನು. ಆದರೆ ವ್ಯಾಪಾರಿಯ ರಕ್ತ ಎಂದರೆ ಏನು ಎಂಬುದನ್ನು ಆ ದಿನ ಕಣ್ಣಾರೆ ಕಂಡೆ. ಸಾಹುಕಾರರು ಮಗಳ ಕೈಯಿಂದ ಮೆಲ್ಲಗೆ ಬೆಂಕಿಪೆಟ್ಟಿಗೆ ತೆಗೆದುಕೊಂಡು, ಗಿರಾಕಿಯ ಕಡೆ ತಿರುಗಿ ನಕ್ಕರು.

"ತಂಗಿ, ಖರೇ ಹೇಳಲೇನು? ಪೂರಾ ಹತ್ತೀದು ನೀವs ಬ್ಯಾಡ ಅಂತೀರಿ. ತೊಳದ್ರ ಕುಗ್ಗತದ, ಬಣ್ಣ ಬಿಡತದ, ಎರಡ ವರ್ಷಕ್ಕ ಹರೀತದ. ಇದು ಬ್ಲೆಂಡ್! ಎರಡೂ ಕಡೆದ್ದು ಛಲೋ ಗುಣ ಒಂದs ಕಡೆ. ಇದಕ್ಕ ಮಿಕ್ಸ್ ಅಂತಾರೇನು? ತಿಳೀಲಾರದವ್ರು ಅಂತಾರ."

ಹೆಂಗಸಿಗೆ ಮಾತು ಮನಸ್ಸಿಗೆ ಬಂತು. ಚಾದರ ಕಟ್ಟಿಸಿಕೊಂಡು ಹೋದರು. ಹುಡುಗಿ ಹಾವಿನ ಡಬ್ಬಿಯನ್ನು ಎತ್ತಿ ಅಪ್ಪನ ಮುಂದೆ ಇಟ್ಟಳು.

"ಮತ್ತ ಇದು?"

ಸಾಹುಕಾರರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಮಗಳ ಬೆರಳಲ್ಲಿ ಇನ್ನೂ ಉಳಿದಿದ್ದ ಆ ಎಳೆ ನೋಡಿದರು.

"ಅದೂ ಬ್ಲೆಂಡs," ಎಂದರು. "ಮನಿಗಿ ಒಯ್ಯಿ."

ಈಗ ಬಂಡ್ಯಾ ಅವರ ಮನೆಯ ಪಡಸಾಲೆಯಲ್ಲೇ ಇದೆ. ಬಂದ ಬೀಗರು ನೆಂಟರನ್ನೆಲ್ಲ ಸಾಹುಕಾರರು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ, "ಬ್ಲೆಂಡ್ ಅದ. ಬಣ್ಣ ಬಿಡಂಗಿಲ್ಲ, ಕುಗ್ಗಂಗಿಲ್ಲ, ಗ್ಯಾರಂಟಿ ಮಾಲು," ಎನ್ನುತ್ತಾರೆ. ಪಾಟೀಲರಿಗೂ ಇದನ್ನೇ ಹೇಳಿ ಕಳಿಸಿದ್ದಾರೆ, ಅವರ ಹೊಟ್ಟೆ ಉರಿಯಲಿ ಎಂದೇ. ನಾನು ಇದನ್ನು ಕೇಳಿ ನಕ್ಕು ಸುಮ್ಮನಾಗಿದ್ದೆ.

ಮೊನ್ನೆ ಪಾಟೀಲರ ರಾಣಿ ಪೊರೆ ಬಿಡಲು ಒದ್ದಾಡುತ್ತಿದೆ ಎಂದು ಫೋನು ಬಂತು. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ಪೊರೆ ಸಡಿಲವಾಗುತ್ತದೆ ಎಂದೆ. ಪಾಟೀಲರು ಹೆದರಿದ ದನಿಯಲ್ಲಿ ಕೇಳಿದರು:

"ಡಾಕ್ಟರಬಾಯಿ, ನಮ್ಮದು ಪೂರಾ ಪ್ಯೂರ್ ಅದರಿ. ನೀರಾಗ ಹಾಕಿದ್ರ ಕುಗ್ಗಂಗಿಲ್ಲಲ್ರಿ?"