ಯಾವ ಕಾರಿಗೂ ನೇರವಾಗಿ ಕೂರುವ ರೇಡಿಯೇಟರ್

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಪರಮಶೀತಲ ರೇಡಿಯೇಟರ್ಸ್,
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು.

ಮಾನ್ಯರೇ,

ಬಿಸಿಯಾದುದೆಲ್ಲವನ್ನೂ ತಣ್ಣಗಾಗಿಸುವ ಮಹಾಕಾರ್ಯದ ಹೊಣೆ ಹೊತ್ತಿರುವ ತಮಗೂ, ತಮ್ಮ ನಿರ್ದೇಶಕ ಮಂಡಳಿಗೂ, ಫೋನು ಹಿಡಿದು ಕಾಯುವವರ ಕಿವಿಗೆ ಕೊಳಲೂದುವ ತಮ್ಮ ಗ್ರಾಹಕ ಸೇವಾ ಯಂತ್ರಕ್ಕೂ ಬಾಗಲಗುಂಟೆಯ ನಿವಾಸಿ ಗೋಪಾಲಪ್ಪನ ಸವಿನಯ ವಂದನೆಗಳು. ನಾನು ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಒಂದೇ ಉತ್ತರ ಬಂದಿರುವುದರಿಂದ, ಅಷ್ಟು ಅಮೂಲ್ಯವಾದುದನ್ನು ನಾವಿಬ್ಬರೇ ಬಚ್ಚಿಟ್ಟುಕೊಳ್ಳುವುದು ಸಲ್ಲದೆಂದು ಬಗೆದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳು ಜ್ಯೋತಿಲಕ್ಷ್ಮಿ ತಮ್ಮದೇ ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಅಚ್ಚು ತಯಾರಿಸುವ ಕೆಲಸದಲ್ಲಿದ್ದಳು. ನಾನು ಮದುವೆಯ ವರ್ಷ ಕೊಂಡು, ಮುಂದೆ ಕೋಳಿಗಳ ವಾಸಕ್ಕೆ ಬಿಟ್ಟುಕೊಟ್ಟಿದ್ದ ಪ್ರೀಮಿಯರ್ ಪದ್ಮಿನಿ ಕಾರನ್ನು ಅವಳು ರಜೆಯ ದಿನಗಳಲ್ಲಿ ಒಂದೊಂದೇ ಭಾಗ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದಳು. ರೇಡಿಯೇಟರನ್ನು ಹಿಡಿದು ನಿಲ್ಲಿಸುವ ಮುಂಭಾಗದ ತಗಡು ತುಕ್ಕು ಹಿಡಿದು ಉದುರಿಹೋಗಿದ್ದುದರಿಂದ ಹೊಸ ತಗಡನ್ನು ತಾನೇ ಕತ್ತರಿಸಿ, ಮರದ ಸುತ್ತಿಗೆಯಲ್ಲಿ ಬಡಿದು ಬಾಗಿಸಿ, ಕಾರಿನ ಬಣ್ಣವನ್ನೇ ಬಳಿದು ಕೂರಿಸಿದಳು. ಪೆಟ್ಟಿಗೆಯ ಮೇಲಿನ ಮಾತಿಗೂ ಒಳಗಿನ ವಸ್ತುವಿಗೂ ತಾಳೆಯಾಗದ ಬಿಡಿಭಾಗ ಬಂದರೆ ಅವಳ ತೀರ್ಪು ಯಾವಾಗಲೂ ಒಂದೇ ಆಗಿರುತ್ತಿತ್ತು: "ಬಾಗ್ಲಲ್ಲಿ ಹಾಕ್ಕೊಂಡು ಕಾಲು ಒರೆಸ್ಕೊಳ್ಲಿ ಇದನ್ನ!" ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಯ ಪಾರಿತೋಷಕಗಳನ್ನು ಮನೆಗೆ ಹೊತ್ತವನಾದ ನಾನು, ಇದು ವಾದವಲ್ಲ, ಬೈಗುಳ ಎಂದು ಪ್ರತಿಸಲವೂ ಆಕ್ಷೇಪಿಸುತ್ತಿದ್ದೆ.

ಈ ಸಲದ ಆಯುಧಪೂಜೆಗೆ ಕಾರನ್ನು ತಾನೇ ಓಡಿಸಿಕೊಂಡು ಬಂದು ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸುತ್ತೇನೆಂದೂ, ತನ್ನ ಯಂತ್ರಕ್ಕೆ ಪೂಜೆಯಾಗುವ ಹೊತ್ತಿಗೇ ಅದಕ್ಕೂ ಆಗಬೇಕೆಂದೂ ಅವಳು ಜೊತೆಯವರಿಗೆಲ್ಲ ಮಾತು ಕೊಟ್ಟಿದ್ದಳು. ಬಾಕಿಯಿದ್ದುದು ರೇಡಿಯೇಟರ್ ಮಾತ್ರ. ಅದನ್ನು ತಮ್ಮಲ್ಲಿ ತಾನೇ ಬುಕ್ ಮಾಡಿದ ವಾರದಲ್ಲೇ, ಆಷಾಢದ ಒಂದು ಜ್ವರದಲ್ಲಿ, ಅವಳು ತೀರಿಕೊಂಡಳು. ಕೊಟ್ಟ ಮಾತು ನನ್ನ ಪಾಲಿಗೆ ಉಳಿಯಿತು.

ತಮ್ಮ ಪೆಟ್ಟಿಗೆ ಬಂದುದು ಅವಳ ತಿಥಿಯ ದಿನ, ಊಟದ ಎಲೆ ಹಾಕುತ್ತಿದ್ದಾಗ. ತಂದವನು ಶಾಮಿಯಾನದ ಕೆಳಗೆ ನಿಂತು "ಸಾರ್, ಮೇಡಂ ಇದಾರಾ? ಒಂದ್ ಓಟಿಪಿ ಬೇಕಿತ್ತು" ಎಂದ. ಅವಳ ಫೋನು ನೋಡಿ ನಾನೇ ಹೇಳಿದೆ. ಸಮಯಪಾಲನೆಯಲ್ಲಿ ತಮ್ಮ ಸಂಸ್ಥೆಗೆ ಸಾಟಿಯಿಲ್ಲವೆಂಬುದನ್ನು ನಾನು ಅಂದೇ ಒಪ್ಪಿಕೊಂಡಿದ್ದೇನೆ.

ಇನ್ನು ಆ ವಸ್ತುವಿನ ಗುಣಗಾನಕ್ಕೆ ಬರುತ್ತೇನೆ. 'ಯಾವುದೇ ಮಾರ್ಪಾಡಿಲ್ಲದೆ ನೇರವಾಗಿ ಕೂರುತ್ತದೆ' ಎಂದು ಪೆಟ್ಟಿಗೆಯ ನಾಲ್ಕೂ ಮೈಗಳಲ್ಲಿ ಅಚ್ಚಾಗಿದೆ. ಒಂದೇ ಪ್ರತಿಜ್ಞೆಯನ್ನು ನಾಲ್ಕು ಸಲ ಹೇಳುವ ವಾದಿಯ ಬಳಿ ಪುರಾವೆ ಇರುವುದಿಲ್ಲವೆಂದು ನಮ್ಮ ಕಾಲೇಜಿನ ತೀರ್ಪುಗಾರರು ಎಚ್ಚರಿಸುತ್ತಿದ್ದರು. ಅವರು ತಮ್ಮನ್ನು ಕಂಡಿರಲಿಲ್ಲ. ತಮ್ಮ ರೇಡಿಯೇಟರ್ ಎಷ್ಟು ಪುಷ್ಟವಾಗಿದೆಯೆಂದರೆ ಎಂಜಿನ್ನಿನ ಫ್ಯಾನು ತಿರುಗಬೇಕಾದ ಜಾಗದಲ್ಲಿ ಅದೇ ವಿರಾಜಮಾನವಾಗಿದೆ. ಬೋಲ್ಟಿನ ತೂತುಗಳು ಕಾರಿನ ತೂತುಗಳನ್ನು ಹೆಬ್ಬೆರಳಿನಷ್ಟು ಅಂತರದಿಂದ ಗೌರವಿಸುತ್ತವೆ. ನೀರು ಇಳಿಯುವ ಕೊಳವೆಯ ಬಾಯಿ ಎಡಕ್ಕಿದೆ, ಅದನ್ನು ಕುಡಿಯಬೇಕಾದ ಎಂಜಿನ್ನಿನ ಬಾಯಿ ಬಲಕ್ಕಿದೆ. ಹೀಗೆ ಪರಸ್ಪರ ಮುಖ ನೋಡದ ದಾಯಾದಿಗಳನ್ನು ತಂದು ಒಂದೇ ಪಂಕ್ತಿಯಲ್ಲಿ ಕೂರಿಸಿದ ಕೀರ್ತಿ ತಮ್ಮದು.

ಬೇರೆಯದನ್ನು ಕಳುಹಿಸಿಕೊಡಿ ಎಂದು ಕೇಳಲು ಫೋನು ಮಾಡಿದೆ. ಎಲ್ಲವನ್ನೂ ಆಲಿಸಿದ ತಮ್ಮ ಸಿಬ್ಬಂದಿಯ ಹೆಣ್ಣುಮಗಳು, "ಫ್ಯಾನೇ ತೆಗ್ದುಬಿಡಿ ಸಾರ್, ಹೆಂಗಿದ್ರೂ ಬೆಂಗ್ಳೂರು ವೆದರ್ ಕೂಲ್ ಅಲ್ವಾ" ಎಂದಳು. ಟಿ. ದಾಸರಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತ ಬಸ್ಸುಗಳ ಹೊಗೆ ಆಕೆಯ ಕಚೇರಿಯನ್ನು ತಲುಪದಂತೆ ಕಾಪಾಡಿರುವ ತಮ್ಮ ಏಸಿಗೆ ನಮೋನಮಃ. ಬದಲಾವಣೆಯೇ ಬೇಕೆಂದಾಗ, ಬುಕ್ ಮಾಡಿದ ಮೇಡಂ ಅವರೇ ತಮ್ಮ ನಂಬರಿನಿಂದ ಮಾತಾಡಬೇಕೆಂದಳು. ಮಗಳು ತೀರಿಕೊಂಡಿದ್ದಾಳೆಂದು ಸ್ಪಷ್ಟವಾಗಿ ತಿಳಿಸಿದೆ. "ಅಯ್ಯೋ, ಸಾರಿ ಸಾರ್," ಎಂದವಳು ಎದುರಿಗಿನ ಪರದೆಯನ್ನು ಓದಿದವಳಂತೆ, "ಮೇಡಂ ಫ್ರೀ ಆದಾಗ ಒಂದ್ಸಲ ಕಾಲ್ ಮಾಡ್ಸಿ" ಎಂದಳು. ಯಮಧರ್ಮನೇ ನಿಯಮ ಸಡಿಲಿಸಲಿ, ನಾವು ಸಡಿಲಿಸೆವು ಎನ್ನುವ ಸಂಸ್ಥೆಯ ಮುಂದೆ ವಾದಕ್ಕೆ ಆಸ್ಪದವೆಲ್ಲಿ?

ಬದಲಿಗೆ ತಾವು ಹನುಮೇಶ ಎಂಬ ಫಿಟ್ಟರನ್ನು ಕಳುಹಿಸಿದಿರಿ. ಕೊಪ್ಪಳದ ಕಡೆಯ ಸಂಭಾವಿತ. ಬಾನೆಟ್ ಎತ್ತಿ ನೋಡಿದವನೇ ತಗಡು ಕೊಯ್ಯುವ ಗ್ರೈಂಡರಿನ ವಯರು ಬಿಚ್ಚತೊಡಗಿದ. "ಸರ, ಮುಂದಿನ ತಗಡು ಇಷ್ಟ ಕೊಯ್ದು ಒಗದ್ರ ಆತ್ರಿ, ಹೂವಿನಂಗ ಕುಂದರ್ತದ." ಬೇಡವೆಂದೆ. "ಯಾಕ್ರಿ ಸರ, ಬರೇ ತಗಡ ಐತಿ. ಬಾನೆಟ್ ಹಾಕಿದ್ರ ಯಾರಿಗಿ ಕಾಣ್ತೈತ್ರಿ?" ಯಾವ ವಿಷಯಕ್ಕಾದರೂ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲವನೆಂದು ಹೆಸರಾಗಿದ್ದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯದೆ, ಕಾರಿಗೂ ಗ್ರೈಂಡರಿಗೂ ನಡುವೆ ಹೋಗಿ ನಿಂತೆ. ಒಳಗಿನಿಂದ ಬಂದ ನಮ್ಮಕ್ಕ ಅಶ್ವತ್ಥಮ್ಮ, "ಅದು ನಮ್ ಮಗು ಕೈಯಾರ ಬಡ್ದಿದ್ದು ಕಣಪ್ಪ, ಈಗ ಅವ್ಳಿಲ್ಲ" ಎಂದಳು. ಹನುಮೇಶ ವಯರು ಸುತ್ತಿಟ್ಟ. ಕಾಫಿ ಕುಡಿದು ಹೊರಡುವಾಗ, "ಗಿರಾಕಿ ಒಪ್ಪಲಿಲ್ಲ ಅಂತ ಹೇಳ್ತೇನ್ರಿ ಸರ, ಬ್ಯಾರೆ ಏನ್ ಹೇಳಿದ್ರೂ ನಮ್ಮ ಸಾಹೇಬರು ಕೇಳಂಗಿಲ್ರಿ" ಎಂದ. ಸಂಜೆಯೊಳಗೆ ಅವಳ ಫೋನಿಗೆ ತಮ್ಮ ಸಂದೇಶ ಬಂತು: 'ಆತ್ಮೀಯ ಜ್ಯೋತಿಲಕ್ಷ್ಮಿ, ತಾವು ಸಹಕರಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.'

ಆದ್ದರಿಂದ ಮಾನ್ಯರೇ, ತಗಡಿಗೆ ಕೈ ಹಚ್ಚದೆ ತಮ್ಮ ಉತ್ಪನ್ನವನ್ನು ಸಾರ್ಥಕಗೊಳಿಸಲು ಕೆಲವು ಸರಳ ಬೇಡಿಕೆಗಳನ್ನು ಮುಂದಿಡುತ್ತಿದ್ದೇನೆ. ಈ ಕಾರಿನ ನಕ್ಷೆ ಬರೆದ ಪುಣ್ಯಾತ್ಮರನ್ನು, ಅವರು ಯಾವ ಲೋಕದಲ್ಲಿದ್ದರೂ, ತಮ್ಮ ಪೆಟ್ಟಿಗೆಯ ಮಾತಿಗೆ ಚ್ಯುತಿ ಬಾರದಂತೆ ಎಂಜಿನ್ನನ್ನು ಎರಡು ಬೆರಳು ಹಿಂದಕ್ಕೆ ಸರಿಸಿ ಮರಳಿ ಬರೆಯಲು ತಾವು ಒಪ್ಪಿಸಬೇಕು. ನೀರಿಗೆ ಎಡದಿಂದ ಬಲಕ್ಕೆ ಹಾರುವ ವಿದ್ಯೆಯನ್ನು ಕಲಿಸಬೇಕು. ಇದಾವುದೂ ಆಗದಿದ್ದರೆ, ಮೇಲಿನ ಲೋಕದಲ್ಲಿ ತಮ್ಮದೊಂದು ಶಾಖೆ ತೆರೆದು, ಗ್ರಾಹಕಳಿಂದ ನೇರವಾಗಿ ಒಪ್ಪಿಗೆ ಪಡೆಯಬೇಕು. ಹೋಗುವವರು ಮಾತಿನಲ್ಲಿ ಗಟ್ಟಿಗರಾಗಿರಲಿ. ಮನೆಯಲ್ಲಿ ನಾನೇ ಅವಳೆದುರು ಗೆದ್ದುದು ಅಪರೂಪ.

ಹಬ್ಬ ಬಂತು. ವರ್ಷ ತುಂಬುವವರೆಗೆ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಕಾರನ್ನು ಹೊರಗೆ ತೆಗೆಯುವುದು ಸರಿಯೇ ಎಂದು ನಾನು ಅನುಮಾನಿಸುತ್ತಿದ್ದಾಗ ಅಕ್ಕ ರೇಗಿದಳು: "ಹಬ್ಬ ಇಲ್ದಿರೋದು ಮನೆಗೆ ಕಣೋ. ಗಾಡಿಗೆಲ್ಲಿಂದ ಬಂತೋ ಸೂತಕ? ನಿಂಬೆಹಣ್ಣು ಇಡ್ತೀನಿ, ಓಡ್ಸು ಸುಮ್ನೆ." ಸೋರುತ್ತಿದ್ದ ಹಳೆಯ ತಾಮ್ರದ ರೇಡಿಯೇಟರಿಗೇ ದಾಸರಹಳ್ಳಿಯಲ್ಲಿ ಬೆಸುಗೆ ಹಾಕಿಸಿ ತಂದು ಕೂರಿಸಿದ್ದೆ. ಅದರ ಬೋಲ್ಟುಗಳು ನನ್ನ ಮಗಳ ತಗಡಿನ ತೂತುಗಳಲ್ಲಿ ಬೆರಳಿನಿಂದಲೇ ತಿರುಗಿ ಕೂತವು. ತುಮಕೂರು ರಸ್ತೆಯ ದಟ್ಟಣೆಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರುತ್ತಲೇ ಹೋಯಿತು. ಕಾರ್ಖಾನೆಯ ಗೇಟು ಮುಟ್ಟುವಾಗ ಬಾನೆಟ್ಟಿನಡಿಯಿಂದ ಎದ್ದ ಹಬೆ ಅಲ್ಲಿನ ಧೂಪವನ್ನು ಮೀರಿಸಿತ್ತು. ಟೂಲ್ ರೂಮಿನ ಶಿವಲಿಂಗಮ್ಮ ಕುಂಬಳಕಾಯಿ ಹಿಡಿದುಕೊಂಡೇ ಓಡಿಬಂದು, "ಜ್ಯೋತಿ ಕಾರು ಬಂತು ಕಣ್ರೋ, ಯಂತ್ರದ ಮಂಗಳಾರತಿ ನಿಲ್ಸಿ!" ಎಂದು ಕೂಗಿದಳು. ಬಾನೆಟ್ ಎತ್ತಿದಾಗ ಅವರೆಲ್ಲ ಮೊದಲು ನೋಡಿದ್ದು ಆ ತಗಡನ್ನು. ಬರೇ ತಗಡು ಯಾರಿಗೆ ಕಾಣುತ್ತದೆಂಬ ಪ್ರಶ್ನೆಗೆ ಉತ್ತರ ದೊರೆತಿರುವುದನ್ನು ದಯವಿಟ್ಟು ಹನುಮೇಶನಿಗೆ ತಿಳಿಸುವುದು.

ತಮ್ಮ ಶೀತಲ ಸೇವೆ ಎಲ್ಲ ಲೋಕಗಳಿಗೂ ವಿಸ್ತರಿಸಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಸಹಕರಿಸದ ಗ್ರಾಹಕಳ ತಂದೆ,
ಗೋಪಾಲಪ್ಪ
ಬಾಗಲಗುಂಟೆ

ಮರೆತ ಮಾತು: ಇದನ್ನು ಬರೆಯುತ್ತಿರುವಾಗಲೇ 'ಆತ್ಮೀಯ ಜ್ಯೋತಿಲಕ್ಷ್ಮಿ, ನಮ್ಮ ರೇಡಿಯೇಟರ್ ಹೇಗೆ ಹೊಂದಿಕೊಂಡಿದೆ?' ಎಂದು ತಾವು ಮತ್ತೆ ವಿಚಾರಿಸಿದ್ದೀರಿ. ಬಹಳ ಚೆನ್ನಾಗಿ. ಒಂದು ತೂತು ಕೊರೆಯದೆ, ಏನನ್ನೂ ಕೊಯ್ಯದೆ, ಅದು ನಮ್ಮ ಮನೆಯ ಹೊಸ್ತಿಲ ಮುಂದೆ ನೇರವಾಗಿ ಕೂತಿದೆ. ಚಪ್ಪಲಿಯ ಕೆಸರನ್ನು ಅದರಷ್ಟು ಚೊಕ್ಕಟವಾಗಿ ಹಿಡಿಯುವ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಗ್ರಾಹಕಳ ತೀರ್ಪು ಅದೇ ಆಗಿರುತ್ತಿತ್ತು. ಅದು ಬೈಗುಳವೆಂಬ ನನ್ನ ಆಕ್ಷೇಪಣೆಯನ್ನು ಹಿಂತೆಗೆದುಕೊಂಡಿದ್ದೇನೆ.