ಶೇಕರ್‌ಗೆ ಹಾಕಿದ ಮಣೆ

ದಾಕ್ಷಿಣ್ಯ ಎನ್ನುವುದು ಎಂಜಿನಿಯರನಿಗೆ ಇರಬಾರದ ಗುಣ. ನನಗದು ಒಂದು ಹಿಡಿ ಜಾಸ್ತಿಯೇ ಇದೆ. ಬಡಿಸುವವರು ಇನ್ನೊಂದು ಹೋಳಿಗೆ ಎಂದರೆ ಬೇಡವೆನ್ನಲಾರೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಎಂದು ಅಮ್ಮ ಆಗಾಗ ಎಚ್ಚರಿಸುತ್ತಿದ್ದಳು. ಹೋಳಿಗೆಯಿಂದ ಕೆಡುವುದು ನನ್ನೊಬ್ಬನ ಹೊಟ್ಟೆ, ಹೋಗಲಿ. ಆದರೆ ನನ್ನ ಕಸುಬು ಕಟ್ಟಡಗಳನ್ನು ಅಲ್ಲಾಡಿಸಿ ನೋಡುವುದು. ಶೇಕರ್ ಎಂಬ ಯಂತ್ರವನ್ನು ನೆಲದ ಮೇಲಿಟ್ಟು ಮೆಲ್ಲಗೆ ನಡುಗಿಸುತ್ತೇನೆ. ಅಲ್ಲಲ್ಲಿ ಅಂಟಿಸಿದ ಸೆನ್ಸರ್‌ಗಳು ನೆಲ ಎಷ್ಟು ಕಂಪಿಸಿತೆಂದು ಹೇಳುತ್ತವೆ. ಕಷ್ಟವಿರುವುದು ಅದನ್ನು ಎಲ್ಲಿಡಬೇಕು ಎನ್ನುವುದರಲ್ಲಿ. ಎಂಥ ನೆಲದಲ್ಲೂ ಜಪ್ಪಯ್ಯ ಎಂದರೂ ಅಲುಗದ ಜಾಗವೊಂದು ಇರುತ್ತದೆ. ಅಲ್ಲಿಟ್ಟರೆ ನಾಳೆ ಬೀಳುವ ಕಟ್ಟಡವೂ ಬಂಡೆಯಂತೆ ಕಾಣುತ್ತದೆ.

ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿಯಲ್ಲಿ ವಿಶಾಲಾಕ್ಷಮ್ಮನವರು ಮೂವತ್ತು ವರ್ಷದಿಂದ ಭರತನಾಟ್ಯ ಹೇಳಿಕೊಡುತ್ತಿದ್ದಾರೆ. ಮರದ ತೊಲೆಗಳ ಮೇಲಿನ ನೆಲ. ಸೂರು ಅದುರುತ್ತದೆಂದು ಕೆಳಗಿನ ಮನೆಯವರು ದೂರಿದ್ದರಿಂದ ಮಾಲೀಕರು ನನ್ನನ್ನು ಕರೆಸಿದ್ದರು: ನೆಲ ಗಟ್ಟಿಯಿದ್ದರೆ ಪಾಠ ನಡೆಯಲಿ, ಇಲ್ಲವಾದರೆ ನಿಲ್ಲಲಿ. ಹಿಂದಿನ ದಿನ ನಾನು ಆಕೆಗೆ ಫೋನ್ ಮಾಡಿ, "ಶೇಕರ್‌ನ ಎಲ್ಲಿ ಕೂರಿಸೋದು ಅಂತ ಯೋಚನೆ ಮಾಡ್ತಿದೀನಿ ಅಮ್ಮಾ" ಎಂದೆ. "ಅಯ್ಯೋ, ಅದಕ್ಯಾಕೆ ಯೋಚನೆ? ಒಳ್ಳೇ ಜಾಗದಲ್ಲೇ ಕೂರಿಸ್ತೀನಿ, ಬನ್ನಿ" ಎಂದರು.

ಹೋಗಿ ನೋಡಿದರೆ ಕಂಬದ ಪಕ್ಕದಲ್ಲಿ ರಂಗೋಲಿ, ಅದರ ಮುಂದೆ ಮಣೆ! "ಶೇಖರ್ ಅವರು ಬರಲಿಲ್ವಾ?" ಎಂದು ಮೆಟ್ಟಿಲ ಕಡೆ ಇಣುಕಿದರು. ನಾನು ತಲೆ ತಗ್ಗಿಸಿ ಯಂತ್ರ ತೋರಿಸಿದೆ. ಆಕೆಯ ಮುಖ ಸಪ್ಪಗಾಯಿತು. ಅಷ್ಟು ಅಕ್ಕರೆಯಿಂದ ಸಿಂಗರಿಸಿದ ಜಾಗವನ್ನು ಬೇಡವೆನ್ನಲು ನನಗೆ ನಾಲಿಗೆ ಏಳಲಿಲ್ಲ. ಮಣೆ ಸರಿಸಿ ಶೇಕರನ್ನು ಅಲ್ಲಿಯೇ ಕೂರಿಸಿದೆ.

ಸ್ವಿಚ್ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಕಂಪನದ ಗೆರೆ ಮಲಗಿದ್ದು ಮಲಗಿಯೇ ಇತ್ತು. ಆಕೆ ಬಾಗಿಲಲ್ಲಿ ಉಸಿರು ಬಿಗಿಹಿಡಿದು, "ಪಾಸಾ?" ಎಂದರು. "ಪಾಸೇ ಅಮ್ಮಾ" ಎಂದುಬಿಟ್ಟೆ. ಸಂತೋಷಕ್ಕೆ ಕಾಫಿ ಬಂತು. ಲೋಟ ಹಿಡಿದು ಕಿಟಕಿಯತ್ತ ಹೊರಟವನನ್ನು ತಡೆದರು. "ಈ ಕಂಬದ ಹತ್ರಾನೇ ಕೂತು ಕುಡೀರಿ. ಮಕ್ಕಳು ಎಷ್ಟು ಕುಣಿದ್ರೂ ಇಲ್ಲೊಂದು ಕಡೆ ಮಾತ್ರ ಕಾಫಿ ತುಳುಕಲ್ಲ. ಬಂದೋರನ್ನೆಲ್ಲ ಇಲ್ಲೇ ಕೂರ್ಸೋದು."

ಲೋಟ ಕೆಳಗಿಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಆಕೆಯ ಪಾಠ ಉಳಿಯುತ್ತದೆ. ಸಂಜೆ ಇಪ್ಪತ್ತು ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕುತ್ತಾರೆ. ನನಗೆ ನಿಜಕ್ಕೂ ಭಯವಾಯಿತು. ಶೇಕರನ್ನು ನೆಲದ ನಟ್ಟನಡುವಿಗೆ ಎಳೆದು ಮತ್ತೆ ಸ್ವಿಚ್ ಹಾಕಿದೆ. ಗೋಡೆಯ ಫೋಟೋಗಳು ಗಡಗಡ ಎಂದವು. ಗೆರೆ ನೆಗೆದ ರಭಸಕ್ಕೆ ನಾನೇ ವೈರು ಕಿತ್ತೆ.

"ತೊಲೆ ರಿಪೇರಿ ಆಗೋವರೆಗೂ ಇಲ್ಲಿ ಪಾಠ ಬೇಡ ಅಮ್ಮಾ" ಎಂದೆ, ನೆಲ ನೋಡುತ್ತ.

ಆಕೆ ಮಣೆ ಎತ್ತಿ ಗೋಡೆಗೆ ಒರಗಿಸಿದರು. ಆಮೇಲೆ, "ಅಲ್ಲಾಡೋ ಜಾಗ ಯಾವುದು ಅಂತ ಕೇಳಿದ್ರೆ ಮೊದಲೇ ತೋರಿಸ್ತಿದ್ನಲ್ಲಪ್ಪ. ನೀವು ಕೂರಿಸೋ ಜಾಗ ಕೇಳಿದ್ರಿ" ಎಂದರು.

ಯಂತ್ರದ ಜಾಗ ಬದಲಿಸಿದ್ದೇಕೆ ಎಂದು ವರದಿಯಲ್ಲಿ ಬರೆಯಲೇಬೇಕು. "ತಾಂತ್ರಿಕ ಕಾರಣಗಳಿಂದ" ಎಂದು ಬರೆದೆ.