ಅತ್ತಿಗೆಯ ಇಂಗ್ಲಿಷ್ ಅಲಂಕಾರಗಳು

ಇದನ್ನು ಬರೆಯಬೇಕೆಂದುಕೊಂಡು ಬಹಳ ಕಾಲವಾಯಿತು. ಕನ್ನಡಕ ಸರಿಯಿಲ್ಲ ಎಂದೆ, ಕನ್ನಡಕ ಸರಿಯಾಯಿತು. ಮೊಣಕಾಲು ನೋವು ಎಂದೆ. ಬರೆಯುವುದು ಕೈಯಿಂದ ಎಂಬುದು ನೆನಪಾಯಿತು. ಇನ್ನು ಹೇಳಿಬಿಡುತ್ತೇನೆ: ನಮ್ಮ ಅತ್ತಿಗೆಯ ಮುಂದೆ ಬಾಯಿ ತೆರೆದ ಯಾರೂ ಒಂದು ಇಂಗ್ಲಿಷ್ ಅಲಂಕಾರವನ್ನು ಹೊತ್ತುಕೊಳ್ಳದೆ ಹಿಂತಿರುಗಿದ್ದಿಲ್ಲ!

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಾವೆಲ್ಲ ರಾಯಪುರಂನ ಒಂದೇ ಮನೆಯಲ್ಲಿದ್ದೇವೆ. ಎಪ್ಪತ್ತು ದಾಟಿದ ಮೇಲೆ ಅವರಿಗೆ ಈ ಹುಚ್ಚು ಹಿಡಿದದ್ದು ಮೊಮ್ಮಗಳಿಂದ. ತಮಿಳು ಊರಿನಲ್ಲೇ ಹುಟ್ಟಿ ಬೆಳೆದ, ಎಂಟನೇ ತರಗತಿಯ ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ, ಅದೂ ಒಂದೆರಡು ಪದ. ಶಾಲೆಯಲ್ಲಿ ಫಿಗರ್ಸ್ ಆಫ್ ಸ್ಪೀಚ್ ಪಾಠ ಶುರುವಾದಾಗ ಅತ್ತಿಗೆ ಅವಳ ಪುಸ್ತಕದೊಳಗೆ ಇಣುಕಿ, "ಇದು ನಮ್ಮ ಉಪಮೆ, ಇದು ನಮ್ಮ ರೂಪಕ ಕಣೇ" ಎಂದರು. ಹುಡುಗಿ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಅಂದಿನಿಂದ ಸಂಜೆಯ ಒಂದು ಗಂಟೆ ಅವರಿಬ್ಬರದು. ಆ ಒಂದು ಗಂಟೆಗಾಗಿ ಅತ್ತಿಗೆ ಹಗಲೆಲ್ಲ ಪದಗಳನ್ನು ಉರು ಹೊಡೆದರು.

ಪ್ರಯೋಗಕ್ಕೆ ನಾವಿದ್ದೆವಲ್ಲ! ಅಣ್ಣ ಹಸಿವಿನಿಂದ ಪ್ರಾಣ ಹೋಗುತ್ತಿದೆ ಎಂದರೆ, "ಹೈಪರ್ಬೊಲಿ, ನಮ್ಮ ಅತಿಶಯೋಕ್ತಿ" ಎಂದು ನಿಧಾನವಾಗಿ ಅಕ್ಕಿ ತೊಳೆಯುವರು. ತರಕಾರಿಯವನು ಬದನೆಕಾಯಿ ಬೆಣ್ಣೆಯ ಹಾಗಿದೆ ಎಂದ. ಸಿಮಿಲಿ ಎಂದು ಮೆಚ್ಚಿ ಅರ್ಧ ಕಿಲೋ ಕೊಂಡರು. ಚುರುಕು ಮನುಷ್ಯ, ಮರುವಾರ ಬದನೆಕಾಯಿ ಬೆಣ್ಣೆಯೇ ಎಂದುಬಿಟ್ಟ. ಮೆಟಫರಿಗೆ ಬಡ್ತಿ ಪಡೆದವನಿಗೆ ಎರಡು ಕಿಲೋ ವ್ಯಾಪಾರ! ಆ ವಾರವೆಲ್ಲ ನಾವು ರೂಪಕವನ್ನೇ ತಿಂದೆವು.

ಒಮ್ಮೆ ನೆಂಟರೊಬ್ಬರು ತೀರಿಕೊಂಡರೆಂದು ಮಾತಾಡಿಸಲು ಹೋದೆವು. ಅಪ್ಪ ನಮ್ಮನ್ನು ಬಿಟ್ಟು ಹೊರಟುಹೋದರು ಎಂದು ಮಗ ಅತ್ತ. ಅತ್ತಿಗೆ ನಿಜವಾಗಿಯೇ ಕಣ್ಣೊರೆಸಿಕೊಂಡು, ಸಾವನ್ನು ಮೆತ್ತಗೆ ಹೇಳಿದ ಆ ಮಾತಿಗೆ ನನ್ನ ಕಿವಿಯಲ್ಲಿ "ಯೂಫೆಮಿಸಂ" ಎಂದರು. ನಗು ತಡೆಯಲಾರದೆ ಟವೆಲ್ಲಿನಲ್ಲಿ ಮುಖ ಮುಚ್ಚಿ ಕುಲುಕಾಡಿದೆ. ಸತ್ತವರ ಮನೆಯವರೇ ನನಗೆ ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು.

ನಾನು ಓದಿದ್ದು ಹೈಸ್ಕೂಲು. ಆದರೂ ಇದೇ ಊರಿನ ಪ್ಯಾರೀಸ್ ಕಾರ್ನರಿನ ಕಚೇರಿಯೊಂದರಲ್ಲಿ ಇಂಗ್ಲಿಷ್ ಟೈಪು ಮಾಡಿದವನು ಎಂದು ಮನೆಯಲ್ಲಿ ನನಗೊಂದು ಗೌರವ. ಅದನ್ನು ಉಳಿಸಿಕೊಳ್ಳುವ ಚಪಲ ಯಾರಿಗಿಲ್ಲ ಹೇಳಿ? ಪರೀಕ್ಷೆಯ ಹಿಂದಿನ ದಿನ ಅತ್ತಿಗೆ ಬಂದು ಕೇಳಿದರು: "ಲಿಟೋಟೀಸ್ ಅಂದ್ರೆ ಏನಪ್ಪಾ?"

ನಾನು ಆ ಪದವನ್ನು ಕಂಡವನೇ ಅಲ್ಲ. "ಒಂದೇ ಮಾತನ್ನ ಎರಡು ಸಲ ಹೇಳೋದು, ಅತ್ತಿಗೆ" ಎಂದೆ, ಪೇಪರಿನಿಂದ ತಲೆಯೆತ್ತದೆ. ಬಿಸಿ ಬಿಸಿ, ಬೇಗ ಬೇಗ ಎನ್ನುತ್ತ ಅವರು ಖುಷಿಯಾಗಿ ಹೋದರು.

ಹುಡುಗಿ ಅದನ್ನೇ ಬರೆದಳು. ಚೆನ್ನಾಗಿದೆ ಎನ್ನಲು ‘ಕೆಟ್ಟದ್ದೇನಲ್ಲ’ ಎನ್ನುವುದೇ ಲಿಟೋಟೀಸ್ ಅಂತೆ, ಈಗ ತಿಳಿಯಿತು. ಟೀಚರ್ ಅವಳ ಉತ್ತರವನ್ನು ಓದಿ ಹೇಳಿದಾಗ ತರಗತಿಯೆಲ್ಲ ನಕ್ಕಿತಂತೆ. ಬಂದವಳೇ ಬ್ಯಾಗು ಎಸೆದು, "ಯಾರು ಸೊನ್ನಾಂಗ ಅಜ್ಜಿ?" ಎಂದಳು. ಹೇಳಿಕೊಟ್ಟದ್ದು ಯಾರೆಂದು ಅವಳಿಗೆ ಗೊತ್ತಾಗಬೇಕಿತ್ತು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. "ಯಾರೂ ಇಲ್ಲ ಕಣೇ. ನಾನೇ ಏನೋ ಅಂದ್ಕೊಂಡೆ. ವಯಸ್ಸಾಯ್ತಲ್ಲ" ಎಂದರು.

ನಾನು ಕಾಫಿ ಮುಗಿಸಿದೆ.

ಮರುದಿನದಿಂದ ಹುಡುಗಿ ಸಂಜೆ ಟ್ಯೂಷನ್ನಿಗೆ ಹೋಗತೊಡಗಿದಳು. ಅಣ್ಣನ ಪ್ರಾಣ ಈಗಲೂ ಹಸಿವಿನಿಂದ ಹೋಗುತ್ತದೆ, ಅದಕ್ಕೆ ಹೆಸರಿಡುವವರಿಲ್ಲ.

ಹೋದ ವಾರ ಅದೇ ಹೊತ್ತಿನಲ್ಲಿ ಅತ್ತಿಗೆ ನಡುಮನೆಯಲ್ಲಿ ಒಬ್ಬರೇ ಕೂತಿದ್ದರು. ಹೇಳಿಬಿಡೋಣವೆಂದು ಹೋಗಿ ಪಕ್ಕದಲ್ಲಿ ಕೂತೆ. ಬಂದದ್ದು ಬೆವರು ಮಾತ್ರ. ಅವರು ಟೇಬಲ್ ಫ್ಯಾನನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿ, "ಗಾಳಿ ಬರ್ತಿದೆಯಾ?" ಎಂದರು. ಹೂಂ ಎಂದೆ. ಅವರು ಸೆರಗಿನಿಂದ ತಮ್ಮ ಕತ್ತು ಒರೆಸಿಕೊಂಡರು.

ನಾನು ಇನ್ನೂ ಕ್ಷಮೆ ಕೇಳದ ನನ್ನ ಅತ್ತಿಗೆಯ ಹೆಸರು ಕಮಲಮ್ಮ.